ಸುಕುಮಾರನ ಜೇಬಿನಲ್ಲಿ ಮಗಳ ಟೈಮ್‌ಟೇಬಲ್ಲು

ಹುಬ್ಬಳ್ಳಿಯ ಆ ಮಿಶನ್ ಶಾಲೆಯ ಗಂಟೆ ನೋಡಲು ಗಂಟೆಯಂತೆ ಇಲ್ಲವೇ ಇಲ್ಲ. ಬೇವಿನ ಮರದ ಟೊಂಗೆಗೆ ಸರಪಳಿ ಹಾಕಿ ತೂಗುಬಿಟ್ಟ ರೈಲು ಹಳಿಯ ತುಂಡು ಅದು. ಇಪ್ಪತ್ತಾರು ವರ್ಷದಿಂದ ಅದನ್ನು ಬಾರಿಸುತ್ತಿರುವವನು ಶಾಲೆಯ ಜವಾನ ಸುಕುಮಾರ. ಎಂಥ ಶಿಸ್ತಿನ ಮನುಷ್ಯ ಅಂತೀರಿ! ಜ್ವರ ಬಂದರೆ ಕಂಬಳಿ ಹೊದ್ದುಕೊಂಡೇ ಬಂದು, ನಾಲ್ಕು ಏಟು ಬಾರಿಸಿ, ಮತ್ತೆ ಹೋಗಿ ಮಲಗುವ ಆಸಾಮಿ. ಸುತ್ತಲಿನ ಓಣಿಗಳಲ್ಲಿ ಅವನ ಗಂಟೆ ಕೇಳಿ ಕುಕ್ಕರ್ ಇಡುವ ಹೆಂಗಸರಿದ್ದಾರೆ, ಅವನ ಗಂಟೆ ಕೇಳಿ ಬಿಪಿ ಗುಳಿಗೆ ನುಂಗುವ ಮುದುಕರಿದ್ದಾರೆ. ಅಂಥವನು ಕಳೆದ ಸೆಪ್ಟೆಂಬರಿನ ಒಂದು ಬುಧವಾರ, ಹನ್ನೊಂದು ನಲವತ್ತಕ್ಕೆ ಬಾರಿಸಬೇಕಾದ ಸಣ್ಣ ಬಿಡುವಿನ ಗಂಟೆಯನ್ನು ಹನ್ನೊಂದು ಇಪ್ಪತ್ತಕ್ಕೇ ಬಾರಿಸಿಬಿಟ್ಟ ಅಂದರೆ, ಅದಕ್ಕೊಂದು ಕಾರಣ ಇರಲೇಬೇಕು.

ಕಾರಣ ಅವನ ಅಂಗಿಯ ಜೇಬಿನಲ್ಲಿತ್ತು.

ಅದು ಶುರುವಾದದ್ದು ಆಗಸ್ಟಿನಲ್ಲಿ. ಒಂದು ಸೋಮವಾರ ಬೆಳಿಗ್ಗೆ ಅವನ ಮೊಬೈಲು ಇದ್ದಕ್ಕಿದ್ದಂತೆ ಗುಂಯ್ ಅಂದಿತು. ತೆಗೆದು ನೋಡಿದರೆ, ‘ಬಾಟನಿ, ಒಂಬತ್ತು ಗಂಟೆ, ರೂಮ್ ಹದಿನಾಲ್ಕು’. ಯಾರೋ ತಪ್ಪಿ ಕಳಿಸಿರಬೇಕು ಅಂದುಕೊಂಡ. ಹತ್ತು ಗಂಟೆಗೆ ಮತ್ತೆ ಗುಂಯ್, ‘ಇಂಗ್ಲಿಷ್. ಬೋರು’. ಸಂಜೆಯೊಳಗೆ ಐದು ಸಲ. ಫೋನಿಗೆ ಹುಚ್ಚು ಹಿಡಿಯಿತೆಂದು ಹಳೇ ಹುಬ್ಬಳ್ಳಿಗೆ ಹೋಗಿ, ಮೊಬೈಲ್ ರಿಪೇರಿ ಅಂಗಡಿಯ ಹಫೀಜನ ಮುಂದೆ ಇಟ್ಟ. ಫೋನು ಕೊಂಡದ್ದೂ ಅಲ್ಲೇ.

ಹಫೀಜ ಒಂದೆರಡು ಸಲ ಒತ್ತಿ ನೋಡಿ ನಕ್ಕ. “ಕಾಕಾ, ಫೋನಿಗೆ ಏನೂ ಆಗಿಲ್ರಿ. ಕೊರೋನಾದಾಗ ಮಗಳ ಆನ್‌ಲೈನ್ ಸಾಲಿ ಸಲುವಾಗಿ ಎರಡು ಫೋನ್ ಒಯ್ದಿದ್ರಿ ನೋಡ್ರಿ, ಎರಡಕ್ಕೂ ಒಂದ ಅಕೌಂಟ್ ಹಾಕಿ ಕೊಟ್ಟಿದ್ದೆ ನಾ. ಈಗ ಅಕಿ ತನ್ನ ಕಾಲೇಜಿನ ಟೈಮ್‌ಟೇಬಲ್ ಪೂರಾ ಕ್ಯಾಲೆಂಡರಿನ್ಯಾಗ ಹಾಕ್ಯಾಳ. ಅಲ್ಲಿ ಹಾಕಿದ್ದು ಇಲ್ಲೂ ಬರಾಕತ್ತೈತಿ. ಅಕಿಗೆ ಇದು ಗೊತ್ತಿದ್ದಂಗಿಲ್ಲ.”

ಸುಕುಮಾರ ಬಗ್ಗಿ ಫೋನಿನ ಪರದೆ ನೋಡಿದ.

“ತಗದ ಬಿಡ್ಲೇನ್ರಿ? ಎರಡು ನಿಮಿಷದ ಕೆಲಸ.”

“ಬ್ಯಾಡ!” ಸುಕುಮಾರ ಫೋನನ್ನು ಕಸಿದುಕೊಂಡಂತೆಯೇ ಎತ್ತಿಕೊಂಡ. “ಬ್ಯಾಡಪ್ಪ. ಇರ್ಲಿ ಅದು.”

ಯಾಕೆ ಹಾಗೆ ಕಸಿದುಕೊಂಡ ಅನ್ನುವುದಕ್ಕೆ ಹಿಂದಿನ ಕತೆ ಹೇಳಬೇಕು. ಮಗಳು ಏಂಜೆಲಿನಾ ಅವನ ಜೊತೆ ಮಾತು ಬಿಟ್ಟು ಎರಡು ವರ್ಷವಾಗಿತ್ತು. ಹುಡುಗಿಗೆ ಕೃಷಿ ಪದವಿ ಓದುವ ಹುಚ್ಚು. ಶಾಲೆಯ ಆವರಣದ ಎರಡು ಕೋಣೆಯ ಮನೆಯ ಮುಂದೆ ಡಬ್ಬಿ, ಬಕೆಟ್ಟು, ಒಡೆದ ಕೊಡ ಏನು ಸಿಕ್ಕರೂ ಅದರಲ್ಲಿ ಮೆಂತ್ಯ, ಬದನೆ, ಮೆಣಸಿನಕಾಯಿ ಬೆಳೆಸುತ್ತಿದ್ದಳು. ಚರ್ಚಿನ ಸುಗ್ಗಿ ಹಬ್ಬಕ್ಕೆ ಎಲ್ಲರೂ ಮಾರ್ಕೆಟ್ಟಿನಿಂದ ಹಣ್ಣು ತಂದು ಇಟ್ಟರೆ ಇವಳು ತಾನೇ ಬೆಳೆದ ನಾಲ್ಕು ಬದನೆಕಾಯಿ ಇಡುತ್ತಿದ್ದಳು. ಸಿಇಟಿಯಲ್ಲಿ ಸೀಟೂ ಸಿಕ್ಕಿತು. ಸೇರುವ ಕಡೆಯ ದಿನ ಧಾರವಾಡಕ್ಕೆ ಹೋದಾಗ ಝೆರಾಕ್ಸ್ ನಡೆಯುವುದಿಲ್ಲ, ಮೂಲ ಅಂಕಪಟ್ಟಿಗಳೇ ಬೇಕು ಅಂದರು. ಅವು ಸುಕುಮಾರನ ಟ್ರಂಕಿನಲ್ಲಿ, ಬೀಗದ ಕೈ ಅವನ ಹತ್ತಿರ. ಮಧ್ಯಾಹ್ನ ಒಂದಕ್ಕೆ ಮಗಳು ಫೋನು ಮಾಡಿದಳು.

“ಪಪ್ಪಾ, ಮೂರೂವರಿ ಒಳಗ ತಗೊಂಡು ಬಂದಬಿಡು. ನಾಲ್ಕಕ್ಕ ಮುಚ್ಚತಾರಂತ.”

ಬರುತ್ತೇನೆ ಅಂದ. ಅಂದವನು ಗಡಿಯಾರ ನೋಡಿದ. ಇನ್ನು ನಾಲ್ಕು ಪಿರಿಯಡ್ಡಿನ ಗಂಟೆ ಇತ್ತು. ಕಚೇರಿ ಅಂದಮೇಲೆ ಐದೂವರೆಯವರೆಗೆ ಯಾರಾದರೂ ಇದ್ದೇ ಇರುತ್ತಾರೆ, ಕಡೆಯ ಗಂಟೆ ಬಾರಿಸಿಯೇ ಹೋದರಾಯಿತು ಅಂದುಕೊಂಡ. ಆ ಗಂಟೆಯನ್ನು ಯಾರಾದರೂ ಬಾರಿಸಬಹುದಿತ್ತು, ಅದಕ್ಕೇನು ವಿದ್ಯೆ ಬೇಕೇ? ಆದರೆ ಅದು ಅವನಿಗೆ ಹೊಳೆಯಲೇ ಇಲ್ಲ. ಅವನು ಧಾರವಾಡ ಮುಟ್ಟಿದಾಗ ಐದೂಕಾಲು. ಬಾಗಿಲಿಗೆ ಬೀಗ ಬಿದ್ದಿತ್ತು. ಮಗಳು ಮೆಟ್ಟಿಲ ಮೇಲೆ ಕೂತಿದ್ದಳು.

ಅವತ್ತು ಬಸ್ಸಿನಲ್ಲಿ ಬರುವಾಗ ಅವಳು ತುಟಿ ಬಿಚ್ಚಲಿಲ್ಲ. ಮನೆಯಲ್ಲಿ ಮಾತಾಡಿದವಳು ಹೆಂಡತಿ ರೂತ್. “ನಿಮಗ ಸಾಲಿ ಗಂಟಿ ಒಂದ ಕೇಳಿಸ್ತೈತಿ. ಮನ್ಯಾಗಿನ ಮಂದಿ ಗಂಟಲು ಹರಕೊಂಡು ಒದರಿದ್ರೂ ಕೇಳಸೂದಿಲ್ಲ,” ಅಂದಳು. ರೂತ್ ಆಸ್ಪತ್ರೆಯಲ್ಲಿ ನರ್ಸು. ಮರುವಾರ ಮಗಳನ್ನು ಕರೆದುಕೊಂಡು ನವನಗರದ ಅಕ್ಕನ ಮನೆಗೆ ಹೋದಳು. ನಾಲ್ಕು ದಿನಕ್ಕೆಂದು ಹೋದವರು ಅಲ್ಲೇ ಉಳಿದರು. ಏಂಜೆಲಿನಾ ಧಾರವಾಡದ ಒಂದು ಕಾಲೇಜಿನಲ್ಲಿ ಬಿ.ಎಸ್ಸಿ. ಸೇರಿದಳು. ಸುಕುಮಾರ ಮೂರು ಸಲ ನವನಗರಕ್ಕೆ ಹೋಗಿ ಬಂದ. ಮೂರನೆಯ ಸಲ ಮಗಳು ಬಾಗಿಲ ಹಿಂದಿನಿಂದಲೇ, “ನೀವು ಹೋಗ್ರಿ. ಗಂಟಿ ಹೊತ್ತಾತು,” ಅಂದಳು. ಅಪ್ಪನಿಗೆ ಯಾವತ್ತೂ ‘ನೀ’ ಅನ್ನುತ್ತಿದ್ದವಳು. ಆಮೇಲೆ ಅವನಿಗೆ ಹೋಗುವ ಧೈರ್ಯ ಬರಲಿಲ್ಲ.

ಈಗ ಹೇಳಿ, ಅಂಥ ಮಗಳ ಇಡೀ ದಿನ ತಾನಾಗಿ ಅಂಗಿಯ ಜೇಬಿಗೆ ಬಂದು ಬಿದ್ದರೆ ಯಾವ ಅಪ್ಪ ತೆಗೆಸಿಹಾಕುತ್ತಾನೆ?

ಸುಕುಮಾರ ಕ್ಯಾಲೆಂಡರ್ ತೆರೆಯುವುದನ್ನು ಕಲಿತ. ಅದೇನು ಅಚ್ಚುಕಟ್ಟು! ಬಾಟನಿಗೆ ಹಸಿರು, ಕೆಮಿಸ್ಟ್ರಿಗೆ ಹಳದಿ, ಇಂಗ್ಲಿಷಿಗೆ ಬೂದಿ ಬಣ್ಣ. ಶನಿವಾರ ಸಂಜೆ ಚರ್ಚಿನ ಕ್ವಾಯರ್ ಹಾಡಿನ ಅಭ್ಯಾಸ, ಅದಕ್ಕೆ ನೇರಳೆ. ‘ಲ್ಯಾಬ್, ಏಪ್ರನ್ ಮರೀಬ್ಯಾಡ’ ಅಂತ ತನಗೆ ತಾನೇ ಬರೆದುಕೊಂಡಿದ್ದಳು. ‘ಮಮ್ಮಿ ನೈಟ್ ಡ್ಯೂಟಿ, ಅನ್ನಕ್ಕಿಡೂದು’. ಶಾಲೆಯ ಇಡೀ ಟೈಮ್‌ಟೇಬಲ್ಲನ್ನು ಬಾಯಿಪಾಠ ಮಾಡಿದ ಸುಕುಮಾರನಿಗೆ ಮಗಳದು ಬಾಯಿಪಾಠವಾಗಲು ಒಂದು ವಾರ ಸಾಕಾಯಿತು. ಅವಳಿಗೆ ಊಟದ ಬಿಡುವು ಒಂದಕ್ಕೆ. ಶಾಲೆಯದು ಒಂದೂವರೆಗೆ. ಇವನು ಒಂದಕ್ಕೇ ಡಬ್ಬಿ ಬಿಚ್ಚತೊಡಗಿದ. ಎದುರಿಗೆ ಯಾರೂ ಇರುತ್ತಿರಲಿಲ್ಲ, ಆದರೂ ಮಗಳ ಜೊತೆ ಉಂಡಂತೆ ಅನಿಸುತ್ತಿತ್ತು. ಬುಧವಾರ ಮೂರೂವರೆಯ ಮೇಲೆ ಅವಳ ಕ್ಯಾಲೆಂಡರ್ ಖಾಲಿ. ಆ ಖಾಲಿ ಜಾಗವನ್ನೇ ಹೆಚ್ಚು ಹೊತ್ತು ನೋಡುತ್ತ ಕೂಡುತ್ತಿದ್ದ. ಈಗ ಬಸ್ಸಿಗೆ ನಿಂತಿದ್ದಾಳೋ, ಗೆಳತಿಯರ ಜೊತೆ ಚಹಾ ಕುಡಿಯುತ್ತಿದ್ದಾಳೋ? ಒಂದು ದಿನ ನವೆಂಬರ್ ತಿಂಗಳು ತೆರೆದು ಹದಿನಾರನೆಯ ತಾರೀಖು ನೋಡಿದ. ಅದು ಅವನ ಹುಟ್ಟಿದ ದಿನ. ಅಲ್ಲಿ ‘ಕೆಮಿಸ್ಟ್ರಿ ರೆಕಾರ್ಡ್ ಕೊಡೂದು’ ಅಂತ ಮಾತ್ರ ಇತ್ತು.

ಹೀಗೆ ನಡೆದಿರುವಾಗ ಬಂತು ಆ ಬುಧವಾರ. ಹನ್ನೊಂದೂವರೆಗೆ ಏಂಜೆಲಿನಾಳ ಲ್ಯಾಬು, ಹತ್ತು ನಿಮಿಷ ಮುಂಚೆ ಫೋನು ಗುಂಯ್ ಅಂದಿತು. ಸುಕುಮಾರನ ಕಾಲು ತಾವಾಗಿ ಬೇವಿನ ಮರದ ಕಡೆ ನಡೆದವು, ಕೈ ತಾನಾಗಿ ಕಬ್ಬಿಣದ ಸಲಾಕೆ ಎತ್ತಿತು. ಢಣ್, ಢಣ್! ಐನೂರು ಮಕ್ಕಳು ಹೋ ಅಂತ ಹೊರಗೆ ಬಿದ್ದರು. ಮಾಸ್ತರರು ಸೀಮೆಸುಣ್ಣ ಹಿಡಿದುಕೊಂಡೇ ಬಾಗಿಲಿಗೆ ಬಂದು ಗಡಿಯಾರ ನೋಡಿಕೊಂಡರು. ಓಣಿಯಲ್ಲಿ ಎಷ್ಟು ಕುಕ್ಕರ್ ಹೊತ್ತಿಗೆ ಮುಂಚೆ ಒಲೆ ಏರಿದವೋ ದೇವರೇ ಬಲ್ಲ.

ಹೆಡ್‌ಮಿಸ್ಟ್ರೆಸ್ ಶಾಂಭವಿ ಅಕ್ಕೋರು ಅವನನ್ನು ಕೋಣೆಗೆ ಕರೆಸಿದರು. ಸಿಟ್ಟು ಮೂಗಿನ ತುದಿಯಲ್ಲಿರುವ ಹೆಂಗಸು, ಆದರೆ ಮನಸ್ಸು ಬೆಣ್ಣೆ.

“ಏನ್ರಿ ಸುಕುಮಾರ, ಕಣ್ಣಿಗೆ ಏನರ ಆಗೈತೇನು? ಆರಾಮ ಇಲ್ಲಾಂದ್ರ ಹೇಳಬಾರದೇನ್ರಿ?”

ಸುಕುಮಾರ ಫೋನು ತೆಗೆದು ಮೇಜಿನ ಮೇಲಿಟ್ಟ. ಹೇಳಿಕೊಳ್ಳಲು ಅವನಿಗೂ ಯಾರಾದರೂ ಬೇಕಾಗಿತ್ತು. ಎಲ್ಲ ಹೇಳಿದ. ಅಕ್ಕೋರು ಕನ್ನಡಕ ಏರಿಸಿ, ಹಸಿರು ಹಳದಿ ಬಣ್ಣದ ಪಟ್ಟಿಗಳನ್ನು ಮೇಲೆ ಕೆಳಗೆ ಸರಿಸಿ ನೋಡಿದರು.

“ಅಲ್ರೀ, ಇದು ಕದ್ದು ನೋಡಿದಂಗ ಆತಲ್ಲ? ಅಕಿಗೆ ಹೇಳಿಬಿಡ್ರಿ.”

“ಹೇಳಿದ್ರ ತಗದುಬಿಡ್ತಾಳ್ರಿ ಅಕ್ಕೋರ. ನನಗ ಅಕಿದು ಅಂತ ಉಳದಿದ್ದು ಇದೊಂದ ರೀ.”

ಅಕ್ಕೋರು ಫೋನನ್ನು ಅವನ ಕಡೆ ಸರಿಸಿ, “ಗಂಟಿ ಹೊತ್ತಿನ್ಯಾಗ ಅದರ ಸದ್ದು ಬಂದ್ ಮಾಡ್ಕೋರಿ,” ಅಂದರು. ಅಷ್ಟೇ.

ಡಿಸೆಂಬರ್ ಬಂತು, ಪ್ರಾಕ್ಟಿಕಲ್ ಪರೀಕ್ಷೆಗಳು ಹತ್ತಿರವಾದವು. ಏಂಜೆಲಿನಾಳ ಕಾಲೇಜಿನಲ್ಲಿ ಮಕಬೂಲಸಾಬ ಅಂತ ಜವಾನ ಇದ್ದ, ಸುಕುಮಾರನಿಗೆ ಹಳೆಯ ಪರಿಚಯ. ಹುಬ್ಬಳ್ಳಿ-ಧಾರವಾಡದ ಜವಾನರಿಗೆಲ್ಲ ಒಬ್ಬರಿಗೊಬ್ಬರು ಗೊತ್ತಿರುತ್ತಾರೆ, ಅದೊಂದು ಬೇರೆಯದೇ ಬಳಗ. ನೋಟಿಸ್ ಬೋರ್ಡಿಗೆ ಹಚ್ಚಿದ ಪರೀಕ್ಷೆಯ ಪಟ್ಟಿಯ ಫೋಟೋ ಕಳಿಸು ಅಂತ ಸುಕುಮಾರ ಅವನಿಗೆ ಕೇಳಿಕೊಂಡ. ಪಟ್ಟಿಯಿಂದ ಆಗಬೇಕಾದದ್ದು ಏನೂ ಇರಲಿಲ್ಲ. ಅಚ್ಚಾದ ಅಕ್ಷರದಲ್ಲಿ ಮಗಳ ಹೆಸರು ನೋಡುವ ಆಸೆ, ಅದರ ಮುಂದೆ ತನ್ನ ಹೆಸರಿನ ಒಂದಕ್ಷರವಾದರೂ ಇರುತ್ತದಲ್ಲ ಅನ್ನುವ ಆಸೆ.

ಬುಧವಾರ ಸಂಜೆ ಫೋಟೋ ಬಂತು. ‘ಏಂಜೆಲಿನಾ ಎಸ್.’ ಬೆರಳಿನಿಂದ ಹಿಗ್ಗಿಸಿ ನೋಡಿದ. ಬಾಟನಿ ಪ್ರಾಕ್ಟಿಕಲ್, ಗುರುವಾರ, ಮೊದಲ ತಂಡ, ಬೆಳಿಗ್ಗೆ ಎಂಟೂವರೆ.

ಆದರೆ ಕ್ಯಾಲೆಂಡರಿನಲ್ಲಿ ಅವಳು ಹಾಕಿಕೊಂಡದ್ದು ಗುರುವಾರ ಮಧ್ಯಾಹ್ನ ಒಂದೂವರೆ. ಎರಡನೆಯ ತಂಡದ ಹೊತ್ತನ್ನು ತನ್ನದೆಂದು ಬರೆದುಕೊಂಡುಬಿಟ್ಟಿದ್ದಳು ಹುಡುಗಿ.

ರೂತಳಿಗೆ ಫೋನು ಮಾಡಿದ. ರಿಂಗಾಗಿ ರಿಂಗಾಗಿ ನಿಂತಿತು. ಇನ್ನೊಮ್ಮೆ ಮಾಡಿದ. ಮಗಳ ನಂಬರಿಗೆ ಅವನ ಕರೆ ಹೋಗುತ್ತಲೇ ಇರಲಿಲ್ಲ, ಅದನ್ನು ಅವಳು ಎಂದೋ ಬ್ಲಾಕ್ ಮಾಡಿಟ್ಟಿದ್ದಳು. ಆಗ ಅವನಿಗೊಂದು ಉಪಾಯ ಹೊಳೆಯಿತು. ಅಕೌಂಟು ಒಂದೇ ತಾನೇ? ಒಂದೂವರೆಯನ್ನು ಅಳಿಸಿ ಎಂಟೂವರೆ ಮಾಡಿದ. ಅವಳ ಫೋನಿನಲ್ಲೂ ತಿದ್ದಿಯಾಯಿತು. ನೋಡುತ್ತಾಳೆ, ಹೋಗುತ್ತಾಳೆ, ತಾನು ಸಿಕ್ಕಿಬೀಳುವುದೂ ಇಲ್ಲ. ಬಹಳ ಜಾಣತನ ಮಾಡಿದೆ ಅಂದುಕೊಂಡು ಮಲಗಿದ.

ಬೆಳಿಗ್ಗೆ ಆರಕ್ಕೆ ಎಚ್ಚರವಾದಾಗ ಆ ಜಾಣತನ ಎಲ್ಲಿ ಹೋಯಿತೋ. ನೋಡದೇ ಇದ್ದರೆ? ಒಂದೂವರೆ ಅಂತ ತಲೆಯಲ್ಲಿ ಕೂತಿದ್ದರೆ ಫೋನು ಯಾಕೆ ನೋಡುತ್ತಾಳೆ? ‘ಯಾರಾದರೂ ಇದ್ದೇ ಇರುತ್ತಾರೆ’ ಅಂತ ಅಂದುಕೊಂಡು ಕೂತ ಆ ಮಧ್ಯಾಹ್ನ ನೆನಪಾಯಿತು. ಹೋಗಿ ಹೇಳಿದರೆ ಫೋನಿನ ಕ್ಯಾಲೆಂಡರ್ ಖಾಲಿಯಾಗುತ್ತದೆ. ಆದರೆ ಆಗಲಿ, ಅಂದ. ಮುಖವನ್ನೂ ಸರಿಯಾಗಿ ತೊಳೆಯದೆ ಬಸ್ಸಿಗೆ ಓಡಿದ.

ನವನಗರದ ಮನೆಯ ಬಾಗಿಲು ತೆರೆದವಳು ರೂತ್. ಏಳು ಗಂಟೆಯ ಹೊತ್ತಿಗೆ ಗಂಡನನ್ನು ನೋಡಿ ಗಾಬರಿಯಾದಳು. “ಯಾಕ್ರಿ? ಯಾರಿಗರ ಏನರ ಆತೇನು?”

“ಏಂಜು ಎಲ್ಲಿ? ಪರೀಕ್ಷಾ ಎಂಟೂವರಿಗೈತಿ!”

ಒಳಗಿನಿಂದ ಏಂಜೆಲಿನಾ ಬಂದಳು, ಕೈಯಲ್ಲಿ ನೋಟ್‌ಬುಕ್ಕು, ಹೆಗಲ ಮೇಲೆ ಟವೆಲ್ಲು. ಎರಡು ವರ್ಷದಲ್ಲಿ ತಾಯಿಯಷ್ಟೇ ಎತ್ತರವಾಗಿದ್ದಳು. “ಮಧ್ಯಾಹ್ನ ಐತಿ ನಂದು,” ಅಂದಳು, ತಾಯಿಗೆ ಹೇಳಿದಂತೆ.

“ಅಲ್ಲವಾ, ಮೊದಲನೇ ಬ್ಯಾಚಿನ್ಯಾಗ ಐತಿ ನಿನ್ನ ಹೆಸರು. ನೋಡಿಲ್ಲೆ.” ಪಟ್ಟಿಯ ಫೋಟೋ ಮುಂದೆ ಹಿಡಿದ.

ಅವಳು ಪಟ್ಟಿ ನೋಡಿದಳು. ತನ್ನ ಫೋನು ತೆಗೆದು ಕ್ಯಾಲೆಂಡರ್ ನೋಡಿದಳು. ಅಲ್ಲೂ ಎಂಟೂವರೆ. “ಇದು… ನಾ ಹಿಂಗ ಹಾಕಿರಲಿಲ್ಲ.”

“ನಾ ತಿದ್ದೀನಿ.”

“ನೀವು?”

“ನಿಂದು ಪೂರಾ ನನ್ನ ಫೋನಿಗೂ ಬರ್ತೈತಿ. ಆಮ್ಯಾಲೆ ಬೇಕಾದಷ್ಟು ಬೈ. ಈಗ ಏಪ್ರನ್ ತಗೋ, ನಡಿ ಲಗೂ!”

ಧಾರವಾಡಕ್ಕೆ ಹೋಗುವ ಚಿಗರಿ ಬಸ್ಸಿನಲ್ಲಿ ಅವಳು ಕಿಟಕಿಗೆ, ಇವನು ಪಕ್ಕಕ್ಕೆ. ಅವಳು ನೋಟ್‌ಬುಕ್ಕಿನಿಂದ ತಲೆ ಎತ್ತಲಿಲ್ಲ. ಇವನಿಗೆ ಅವಳ ಒದ್ದೆ ಕೂದಲಿನ ಸೋಪಿನ ವಾಸನೆ ಬರುತ್ತಿತ್ತು, ಅದೇ ಹಳೆಯ ಸೋಪು. ಎರಡು ವರ್ಷ ಇದಕ್ಕಾಗಿ ಜೀವ ಹಿಡಿದುಕೊಂಡಿದ್ದೆನಲ್ಲ ದೇವರೇ ಅಂದುಕೊಂಡ. ಎಂಟು ಇಪ್ಪತ್ತೆರಡಕ್ಕೆ ಕಾಲೇಜಿನ ಗೇಟು. ಅವಳು ಹಿಂದಿರುಗಿ ನೋಡದೆ ಓಡಿದಳು.

ಅಲ್ಲಿಂದಲೇ ವಾಪಸು ಬಸ್ಸು ಹತ್ತಿದ್ದರೆ ಶಾಲೆಯ ಒಂಬತ್ತೂ ಮುಕ್ಕಾಲಿನ ಮೊದಲ ಗಂಟೆಗೆ ಸರಿಯಾಗಿ ಮುಟ್ಟುತ್ತಿದ್ದ. ಬಸ್ಸು ಒಂದರ ಹಿಂದೆ ಒಂದು ಹೋದವು. ಸುಕುಮಾರ ಗೇಟಿನ ಪಕ್ಕದ ಕಟ್ಟೆಯ ಮೇಲೆ ಕೂತೇ ಇದ್ದ. ಅವಳು ಹೇಗೆ ಬರೆದಳು ಅನ್ನುವುದೊಂದೇ ಅವನ ತಲೆಯಲ್ಲಿತ್ತು.

ಹನ್ನೆರಡರ ಹತ್ತಿರ ಏಂಜೆಲಿನಾ ಹೊರಗೆ ಬಂದಳು. ಅವನನ್ನು ಕಂಡು ನಿಂತಳು.

“ಇನ್ನೂ ಇಲ್ಲೇ ಅದೀರಿ?” ಅಂದಳು. ಹತ್ತಿರ ಬಂದು, “ಮೊದಲನೇ ಗಂಟಿ ಯಾರು ಬಾರಿಸಿದ್ರು?”

ಸುಕುಮಾರ ಬೆಚ್ಚಿ ಕೈಗಡಿಯಾರ ನೋಡಿಕೊಂಡ. ಮೊದಲ ಗಂಟೆ, ಎರಡನೆಯದು, ಸಣ್ಣ ಬಿಡುವು, ಎಲ್ಲ ಮುಗಿದುಹೋಗಿದ್ದವು. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ಅವನಿಗೆ ಅವು ನೆನಪೇ ಆಗಿರಲಿಲ್ಲ.

“ಗೊತ್ತಿಲ್ಲವಾ,” ಅಂದ.

ಏಂಜೆಲಿನಾ ಅವನ ಮುಖವನ್ನೇ ನೋಡಿದಳು. “ಅವತ್ತ ಒಂದಿನ ಹಿಂಗ ಮರತಿದ್ರ ಆಗ್ತಿತ್ತಲ್ಲ, ಪಪ್ಪಾ.”

ಸುಕುಮಾರ ಅತ್ತುಬಿಟ್ಟ. ಕಾಲೇಜಿನ ಹುಡುಗರು ನೋಡಿಕೊಂಡು ಹೋದರು, ನೋಡಲಿ. ಏಂಜೆಲಿನಾ ಪಕ್ಕದಲ್ಲಿ ಕೂತಳು. ಕಣ್ಣೊರೆಸಿಕೊಂಡು, ಅವನ ಫೋನು ಇಸಿದುಕೊಂಡು ನೋಡಿದಳು.

“ಯಾವಾಗಿಂದ ನೋಡಾಕತ್ತೀರಿ?”

“ಆಗಸ್ಟ್ ತಿಂಗಳಿಂದ.”

“ಎಲ್ಲಾ ಓದೀರಿ?”

“ಓದೀನಿ. ಇಂಗ್ಲಿಷ್ ಬೋರು ಅನ್ನೂದೂ ಓದೀನಿ.”

ಅವಳಿಗೆ ನಗು ಬಂದಂತಿತ್ತು, ಆದರೆ ನಗಲಿಲ್ಲ. “ಹೇಳದ ಕೇಳದ ನೋಡೂದು ತಪ್ಪು,” ಅಂದಳು.

“ಹೌದು. ತಪ್ಪವಾ.”

ಅವಳು ತನ್ನ ಫೋನಿನಲ್ಲಿ ಏನೇನೋ ಒತ್ತಿದಳು, ಅವನ ಫೋನಿನಲ್ಲೂ ಒತ್ತಿದಳು. ಹಸಿರು, ಹಳದಿ, ನೇರಳೆ ಎಲ್ಲ ಒಂದೊಂದಾಗಿ ಹೋದವು. ಬಿಳಿಯಾಗಿ ಉಳಿದ ಕ್ಯಾಲೆಂಡರನ್ನು ಅವನ ಕೈಗೆ ಕೊಟ್ಟು, ಬಸ್ಸು ಬಂತೆಂದು ಎದ್ದು ಹೋದಳು.

ಅವತ್ತು ಗಂಟೆ ಬಾರಿಸಿದವರು ಸ್ವತಃ ಶಾಂಭವಿ ಅಕ್ಕೋರು. ಮರುದಿನ ಸುಕುಮಾರ ಹೇಳಿದ್ದನ್ನೆಲ್ಲ ಕೇಳಿ, “ನನ್ನ ರಟ್ಟಿ ಬಿದ್ದುಹೋಗ್ಯಾವ್ರಿ,” ಅಂತ ತೋಳು ತಿಕ್ಕಿಕೊಂಡರು, ಬೈಯಲಿಲ್ಲ.

ಕ್ರಿಸ್‌ಮಸ್ಸಿಗೆ ನವನಗರದಿಂದ ಒಂದು ಡಬ್ಬಿ ಕರ್ಚಿಕಾಯಿ ಬಂತು. ಯಾರು ಕಳಿಸಿದರೆಂದು ಚೀಟಿ ಇರಲಿಲ್ಲ. ಸುಕುಮಾರ ಗಂಟೆಗಳನ್ನು ಹೊತ್ತಿಗೆ ಸರಿಯಾಗಿ ಬಾರಿಸಿದ. ಜೇಬು ಮಾತ್ರ ಸುಮ್ಮನಿತ್ತು. ಆದರೂ ಮಧ್ಯಾಹ್ನ ಒಂದಕ್ಕೇ ಡಬ್ಬಿ ಬಿಚ್ಚುತ್ತಿದ್ದ. ಹೊಸ ಸೆಮಿಸ್ಟರಿಗೆ ಟೈಮ್‌ಟೇಬಲ್ ಬದಲಾಗಿರುತ್ತದೆ, ಅವಳು ಈಗ ಒಂದಕ್ಕೆ ಉಣ್ಣುವುದಿಲ್ಲವೇನೋ ಅಂತ ಗೊತ್ತಿದ್ದರೂ ಕೈ ಕೇಳುತ್ತಿರಲಿಲ್ಲ. ಮಗಳ ಹೊತ್ತು ತಿಳಿಯದೆ ಬದುಕುವುದು ಮೊದಲಿಗಿಂತ ಕಷ್ಟವಾಗಿತ್ತು. ಮೊದಲು ಗೊತ್ತೇ ಇರಲಿಲ್ಲ, ಈಗ ಗೊತ್ತಿದ್ದದ್ದು ಹೋಗಿತ್ತು.

ಫೆಬ್ರವರಿಯ ಒಂದು ಸೋಮವಾರ, ಅಂಗಳದಲ್ಲಿ ಬೇವಿನೆಲೆ ಗುಡಿಸುತ್ತಿದ್ದಾಗ ಫೋನು ಗುಂಯ್ ಅಂದಿತು. ಕಸಬರಿಗೆ ಅಲ್ಲೇ ಬಿತ್ತು. ಬಿಳಿಯ ಕ್ಯಾಲೆಂಡರಿನಲ್ಲಿ ಮಗಳು ಕಳಿಸಿದ ಒಂದೇ ಒಂದು ಹಸಿರು ಚೌಕ.

‘ಬುಧವಾರ, ಮೂರೂವರಿ. ಕಾಲೇಜ್ ಕ್ಯಾಂಟೀನ್. ಪಪ್ಪಾ ಬಂದ್ರ, ಚಾ.’

ಅದರ ಕೆಳಗೆ ಬರುತ್ತೀರಾ ಇಲ್ಲವಾ ಅಂತ ಒತ್ತುವ ಜಾಗ ಇತ್ತು. ಸುಕುಮಾರ ಬರುತ್ತೇನೆ ಅಂತ ಒತ್ತಿದ. ಸರಿಯಾಗಿ ಒತ್ತಿತೋ ಇಲ್ಲವೋ ಅಂತ ಮತ್ತೆ ಮೂರು ಸಲ ಒತ್ತಿದ. ಆಮೇಲೆ ನೇರ ಹೆಡ್‌ಮಿಸ್ಟ್ರೆಸ್ ಕೋಣೆಗೆ ಹೋದ.

“ಅಕ್ಕೋರ, ಬುಧವಾರ ಮಧ್ಯಾಹ್ನದ ಮ್ಯಾಲೆ ನಾ ಇರೂದಿಲ್ರಿ. ಗಂಟಿ…”

ಶಾಂಭವಿ ಅಕ್ಕೋರು ಫೋನು ಇಸಿದುಕೊಂಡು ಓದಿದರು. ‘ಬಂದ್ರ’ ಅನ್ನುವ ಮಾತನ್ನು ಎರಡು ಸಲ ಓದಿದರು. “ಆ ಸಲಾಕಿ ಎಲ್ಲಿ ಇಡ್ತೀರಿ, ತೋರಿಸಿ ಹೋಗ್ರಿ,” ಅಂದರು.

ಬುಧವಾರ ಕ್ಯಾಂಟೀನಿನವನು ಎರಡು ಸಲ ಬಂದು ಏನು ಕೊಡಲಿ ಅಂತ ಕೇಳಿದ. “ತಡೀರಿ, ಮಗಳು ಬರಬೇಕು,” ಅಂದ ಸುಕುಮಾರ. ಹೊಲಿಸಿ ಇಟ್ಟಿದ್ದ ಹೊಸ ಅಂಗಿ ಹಾಕಿಕೊಂಡಿದ್ದ, ಬಾಗಿಲಿಗೆ ಮುಖ ಮಾಡಿ ಕೂತಿದ್ದ. ಆಗಿನ್ನೂ ಮೂರು ಗಂಟೆಯಾಗಿತ್ತು.